ಮೀನು ಪೇಟೆಯ ಎತ್ತರದ ಕಟ್ಟೆ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಕುಮಟೆಯ ನನ್ನ ಮನೆಗೆ ಬರುತ್ತಾರೆ. ಬಂದವರು ನನ್ನ ಮುಖಕ್ಕಿಂತ ಮೊದಲು ನನ್ನ ಕುರ್ಚಿಯನ್ನು ನೋಡುತ್ತಾರೆ. ಆಯುಷ್ಯವಿಡೀ ಕುರ್ಚಿ, ಮೇಜು, ಹತ್ಯಾರಗಳನ್ನು ಮನುಷ್ಯರ ಮೈಗೆ ಹೊಂದಿಸುವ ಕೆಲಸ ಮಾಡಿದವಳು ಎಂಥದರ ಮೇಲೆ ಕೂತಿದ್ದಾಳೋ ಎಂಬ ಕುತೂಹಲ. ನಾನು ಕೂರುವುದು ಸಂತೆಯಲ್ಲಿ ಸಿಗುವ ಪ್ಲಾಸ್ಟಿಕ್ ಕುರ್ಚಿ. ಬೆನ್ನಿಗೆ ಒಂದು ದಿಂಬು ಕಟ್ಟಿಕೊಂಡಿದ್ದೇನೆ. ನನ್ನ ಸೊಂಟ ಹೋಗಿ ವರ್ಷಗಳಾದವು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ! ನಗುವವರು ನಗಲಿ, ನನಗೆ ನಾಚಿಕೆಯೇನೋ ಆಗುತ್ತದೆ, ಆದರೆ ಅದು ನನ್ನ ನಾಚಿಕೆಗಳಲ್ಲಿ ತೀರಾ ಸಣ್ಣದು.

ಕೆಲಸದ ಹೆಸರು ಅರ್ಗೊನಾಮಿಕ್ಸ್. ಹೆಸರು ಕೇಳಿ ಹೆದರಬೇಡಿ. ಮೈಯನ್ನು ಕೆಲಸಕ್ಕೆ ತಕ್ಕಂತೆ ಬಗ್ಗಿಸುವ ಬದಲು ಕೆಲಸವನ್ನೇ ಮೈಗೆ ತಕ್ಕಂತೆ ಮಾಡಬೇಕು, ಅಷ್ಟೇ. ನಮ್ಮಮ್ಮನಿಗೆ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. ಕೇರಿಯವರು "ಮಗ್ಳಿಗೆ ಎಂತ ಕೆಲ್ಸ?" ಎಂದು ಕೇಳಿದರೆ "ಕುರ್ಚಿ ಅಳ್ಯೂದಂತೆ, ಅದ್ಕೂ ಸಂಬ್ಳ ಕೊಡ್ತ್ರು ನೋಡಿ" ಎನ್ನುತ್ತಿದ್ದಳು. ಅವಳು ಹಾಗೆಂದಾಗ ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಬಡ್ತಿ, ವರ್ಗಾವಣೆ, ಬೀಳ್ಕೊಡುಗೆಯ ಶಾಲು ಇವೆಲ್ಲ ಎಲ್ಲರಿಗೂ ಆಗುವಂಥವು, ಬಿಟ್ಟುಬಿಡುತ್ತೇನೆ. ನೀವು ಮಾಡಬಾರದ್ದನ್ನು ನಾನು ಮಾಡಿದ್ದು ಹೇಗೆ ಎಂದು ಹೇಳಿದರೆ ಅದರಿಂದ ನಿಮಗೆ ಹೆಚ್ಚು ಉಪಯೋಗ.

ಮೊದಲು ಭಟ್ಕಳದ ಹೊಲಿಗೆ ಶೆಡ್ಡಿನ ಕಥೆ. ನಾನು ಆಗ ಹೊಸಬಳು. ಬಟ್ಟೆ ಹೊಲಿಯುವ ಹೆಂಗಸರಿಗೆ ಬೆನ್ನು ನೋವು, ಒಳ್ಳೆಯ ಆಸನ ಮಾಡಿಕೊಡಿ ಎಂದು ಶೆಡ್ಡಿನವರು ಕೇಳಿದ್ದರು. ನಾನು ಹೋಗಿ ಅವರನ್ನು ಅಳೆಯಬೇಕಿತ್ತು. ಅಳೆಯಲಿಲ್ಲ. ಯಾವುದೋ ದೇಶದ ಜನರ ಮೈಯಳತೆಯ ಪುಸ್ತಕ ಕಚೇರಿಯಲ್ಲಿತ್ತು, ಅದನ್ನು ನೋಡಿಯೇ ಸ್ಟೂಲು ಮಾಡಿಸಿದೆ. ಸ್ಟೂಲುಗಳು ಬಂದ ದಿನ ಹೆಂಗಸರೆಲ್ಲ ಹತ್ತಿ ಕೂತರು. ಒಬ್ಬರ ಪಾದವೂ ನೆಲ ಮುಟ್ಟಲಿಲ್ಲ. ಉಯ್ಯಾಲೆಯ ಮೇಲಿನ ಮಕ್ಕಳ ಹಾಗೆ ಕಾಲು ಆಡಿಸುತ್ತ ಅವರು ನವಾಯತಿಯಲ್ಲಿ ತಮ್ಮತಮ್ಮಲ್ಲೇ ಏನೋ ಹೇಳಿಕೊಂಡು ನಕ್ಕರು. ನನಗೆ ಆ ಭಾಷೆ ಬರುವುದಿಲ್ಲ, ನಗು ಯಾರ ಮೇಲೆ ಎಂಬುದು ಮಾತ್ರ ಚೆನ್ನಾಗಿ ಗೊತ್ತಾಯಿತು. ಮರುವಾರ ಹೋದಾಗ ಪ್ರತಿಯೊಬ್ಬರೂ ನೂಲಿನ ಖಾಲಿ ಡಬ್ಬ ತಂದು ಕಾಲಡಿಗೆ ಇಟ್ಟುಕೊಂಡಿದ್ದರು.

ನಮ್ಮ ಸಾಹೇಬರು ಧಾರವಾಡದ ಕಡೆಯವರು, ಮನುಷ್ಯ ಒಳ್ಳೆಯವರು, ಬಾಯಿ ಜೋರು. "ಏನ್ರೀ ಮೇಡಂ, ಕಾಲು ಉದ್ದ ಮಾಡ್ಕೊಂಡು ಬರ್ರಿ ಅಂತ ಅವರಿಗೆ ನೋಟಿಸ್ ಕೊಡೋಣೇನು?" ಎಂದು ಕಚೇರಿ ತುಂಬ ಕೇಳುವ ಹಾಗೆ ಅಂದರು. ನಾನು ಅತ್ತೆ. ಆಮೇಲೆ ಅಳತೆಪಟ್ಟಿ ಇಲ್ಲದೆ ಎಲ್ಲಿಗೂ ಹೋಗಲಿಲ್ಲ. ಅಳತೆಪಟ್ಟಿಯೊಂದಿದ್ದರೆ ಸಾಕು ಎಂದು ಬಹಳ ಕಾಲ ನಂಬಿದ್ದೆ.

ಆ ನಂಬಿಕೆಯನ್ನು ಅಲುಗಿಸಿದವರು ಒಬ್ಬ ಬಸ್ಸಿನ ಡ್ರೈವರ್. ಘಟ್ಟ ಹತ್ತಿಳಿಯುವ ದಾರಿಯಲ್ಲಿ ಓಡಿಸುತ್ತಿದ್ದವರು. ಸೀಟು ಹೇಗಿದೆ ಎಂದು ಕೇಳಿದೆ. "ಅಡ್ಡಿಲ್ಲ" ಅಂದರು. ಬೆನ್ನಿಗೆ ಆಧಾರ? ಅಡ್ಡಿಲ್ಲ. ಕ್ಲಚ್ ಒತ್ತಲು? ಅಡ್ಡಿಲ್ಲ. ಎಲ್ಲದರ ಮುಂದೆ 'ತೃಪ್ತಿಕರ' ಎಂದು ಗುರುತು ಹಾಕಿಕೊಂಡೆ. ಅವರು ಇಳಿದು ಹೋದ ಮೇಲೆ ನೋಡಿದರೆ ಸೀಟಿನ ಬೆನ್ನಿಗೆ ಸುತ್ತಿದ ಟವೆಲು, ಅಡಿಗೆ ಮಡಿಚಿದ ಗೋಣಿ, ಪಕ್ಕದಲ್ಲಿ ನೋವಿನ ಎಣ್ಣೆಯ ಬಾಟಲಿ. ಯಾಕೆ ಹೇಳಲಿಲ್ಲ ಎಂದು ಹಿಂದೆಯೇ ಓಡಿ ಕೇಳಿದೆ. "ಹೆಣ್ಮಕ್ಳ ಎದ್ರು ಸೊಂಟ ನೋವು ಹೇಳೂಕೆ ಹೆಂಗಾತದೆ ಅಕ್ಕೋರೇ?" ಅಂದರು.

ಹುಡುಗರೇ, ಇದನ್ನು ಬರೆದಿಟ್ಟುಕೊಳ್ಳಿ. ನಮ್ಮ ಕಡೆಯವರ 'ಅಡ್ಡಿಲ್ಲ'ಕ್ಕೆ ಅರ್ಥವೇ ಇಲ್ಲ. ಊಟ ಚೆನ್ನಾಗಿದ್ದರೂ ಅಡ್ಡಿಲ್ಲ, ಮೈ ಸುಡುವ ಜ್ವರ ಬಂದು ಮಲಗಿದ್ದರೂ ಅಡ್ಡಿಲ್ಲ. ಅದು ಎದುರಿಗಿರುವವರ ಬಾಯಿ ಮುಚ್ಚಿಸಿ ಕಳಿಸುವ ಮರ್ಯಾದೆಯ ಮಾತು. ಇದನ್ನು ಕಲಿತ ಮೇಲೂ ನಾನು ಅದೇ ಮಾತಿನ ಹಿಂದೆ ಅಡಗಿ ಕೂತೆ. ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಹೊನ್ನಾವರದಿಂದ ಭಟ್ಕಳಕ್ಕೆ ಹೋಗುವ ದಾರಿಯಲ್ಲಿ ಒಂದು ಪೇಟೆ. ಹೆಸರು ಬೇಡ. ಅಲ್ಲಿ ಮೀನು ಮಾರುವ ಹೆಂಗಸರು ತಲೆಮಾರುಗಳಿಂದ ನೆಲದ ಮೇಲೆ ಕೂತೇ ವ್ಯಾಪಾರ ಮಾಡುತ್ತಿದ್ದರು. ಸುತ್ತ ಕೊಳೆನೀರು, ನೊಣ, ಗಿರಾಕಿಯ ಚಪ್ಪಲಿ ಮೀನಿನ ಬುಟ್ಟಿಗೇ ತಾಗುವಷ್ಟು ಇಕ್ಕಟ್ಟು. ಹೊಸ ಮಾರುಕಟ್ಟೆ ಕಟ್ಟುವುದು ಎಂದಾಯಿತು. ಕಟ್ಟೆ ಎಷ್ಟೆತ್ತರ, ಎಷ್ಟಗಲ, ನೀರು ಎಲ್ಲಿ ಎಂದು ಹೇಳುವ ಕೆಲಸ ನಮಗೆ ಬಂತು.

ಆ ಹೊತ್ತಿಗೆ ನಮ್ಮ ರೀತಿಯೂ ಬದಲಾಗಿತ್ತು. ಹಲಗೆ ಕಡಿದು, ಮೊಳೆ ಹೊಡೆದು ಮಾದರಿ ಮಾಡಿ, ಅದರ ಮೇಲೆ ನಾವೇ ಹತ್ತಿ ಕೂತು ನೋಡುವ ಕಾಲ ಹೋಗಿತ್ತು. ಲ್ಯಾಪ್‌ಟಾಪಿನಲ್ಲಿ ಒಂದು ಬೂದು ಬಣ್ಣದ ಗೊಂಬೆ ಬಂದಿತ್ತು. ಕಟ್ಟೆಯ ಚಿತ್ರ ಹಾಕಿ ಗೊಂಬೆಯನ್ನು ಅದರ ಮೇಲೆ ಕೂರಿಸಿದರೆ ಅದರ ಬೆನ್ನು, ಭುಜ, ಮೊಣಕಾಲುಗಳಲ್ಲಿ ಬಣ್ಣ ಮೂಡುತ್ತಿತ್ತು. ಕೆಂಪಾದರೆ ತೊಂದರೆ, ಹಸಿರಾದರೆ ಕ್ಷೇಮ. ಅದೇ ಧಾರವಾಡದ ಸಾಹೇಬರು ಮೂರಡಿ ಎತ್ತರದ ಕಟ್ಟೆ ಹಾಕಿ, ಅದರ ಮುಂದಿನ ಓಡಾಟದ ಜಾಗ ನೀರು ಹರಿಯಲೆಂದು ಇನ್ನಷ್ಟು ತಗ್ಗು ಮಾಡಿ, ಗೊಂಬೆಯನ್ನು ಕೂರಿಸಿದರು. ಗೊಂಬೆ ಅಡಿಯಿಂದ ಮುಡಿಯವರೆಗೂ ಹಸಿರು. ಮೇಜಿನ ಸುತ್ತ ಇದ್ದ ಗಂಡಸರೆಲ್ಲ ಭೇಷ್ ಎಂದರು. ಅಲ್ಲಿದ್ದ ಒಬ್ಬಳೇ ಹೆಂಗಸು ನಾನು.

ನನಗೆ ನೋಡಿದ ಕೂಡಲೇ ಗೊತ್ತಾಯಿತು. ಮೀನು ಕೊಯ್ಯುವುದು ಮೆಟ್ಟುಗತ್ತಿಯಲ್ಲಿ. ಹಲಗೆಯ ಮೇಲೆ ನೆಟ್ಟಗೆ ನಿಂತ ಕತ್ತಿ ಅದು, ಬೇರೆ ಕಡೆ ಈಳಿಗೆಮಣೆ ಎನ್ನುತ್ತಾರೆ. ಒಂದು ಪಾದದಿಂದ ಹಲಗೆಯನ್ನು ಒತ್ತಿ ಹಿಡಿದು, ಆ ಮೊಣಕಾಲನ್ನು ಎತ್ತಿ ಕೂತು, ಎರಡೂ ಕೈಯಲ್ಲಿ ಮೀನನ್ನು ಅಲುಗಿಗೆ ಒತ್ತಿ ಕೊಯ್ಯಬೇಕು. ಹುಡುಗಿಯಾಗಿದ್ದಾಗ ನಮ್ಮನೆ ಅಡುಗೆಕೋಣೆಯಲ್ಲಿ ನಾನೂ ಹಾಗೇ ಕೂತು ಕೊಯ್ದವಳು. ನೆಲದ ಮೇಲೆ ಕೂತರೆ ನಿಂತವರು ಮೇಲಿನಿಂದ ನೋಡುತ್ತಾರೆ, ಎತ್ತಿದ ಮೊಣಕಾಲಿನ ಮೇಲೆ ಎಳೆದುಕೊಂಡ ಸೀರೆಯೇ ಮರೆಯಾಗುತ್ತದೆ. ಅದೇ ಹೆಂಗಸನ್ನು ಮೂರಡಿ ಮೇಲಕ್ಕೆತ್ತಿ, ನೋಡುವವನನ್ನು ತಗ್ಗಿನಲ್ಲಿ ನಿಲ್ಲಿಸಿದರೆ? ಆಗ ಸೀರೆಯೊಳಗೆ ಅವನ ಕಣ್ಣು. ಲ್ಯಾಪ್‌ಟಾಪಿನ ಗೊಂಬೆಗೆ ಸೀರೆ ಇರಲಿಲ್ಲ. ನಾಚಿಕೆಯೂ ಇರಲಿಲ್ಲ. ಹಾಗಾಗಿ ಅದು ಎಲ್ಲ ಕಡೆ ಹಸಿರಾಗಿಯೇ ಇತ್ತು.

ಗೊತ್ತಿತ್ತು, ಹೇಳಲಾಗಲಿಲ್ಲ. ಆರೇಳು ಗಂಡಸರ ಎದುರು ಮೊಣಕಾಲು, ತೊಡೆ, ಸೀರೆಯೊಳಗೆ ಎಂಬ ಮಾತುಗಳನ್ನು ಬಾಯಿಂದ ಹೊರಡಿಸುವುದು ಹೇಗೆ? "ಸ್ವಲ್ಪ ತಗ್ಗಿಸಿದರೆ ಒಳ್ಳೆಯದೇನೋ ಸರ್" ಅಂದೆ.

"ಯಾಕ್ರೀ?"

"ಹತ್ತಲಿಕ್ಕೆ ಕಷ್ಟವಾಗಬಹುದು."

"ಅಷ್ಟೇ ಹೌದಲ್ರೀ? ಪಾವಟಿಗಿ ಕಟ್ಟಿಸೋಣಂತ."

ಮೆಟ್ಟಿಲು ಕಟ್ಟಿಸಿದರು. ದೀಪಾವಳಿಗೆ ಮಾರುಕಟ್ಟೆ ಶುರುವಾಯಿತು. ಟೇಪು ಕತ್ತರಿಸಿ, ಫೋಟೋ ತೆಗೆದು, ಲಡ್ಡು ಹಂಚಿದರು. ನಾನೂ ಒಂದು ಲಡ್ಡು ತಿಂದೆ.

ದೀಪಾವಳಿ ಕಳೆದ ಮೇಲೆ ಹೆಂಗಸರ ಅಭಿಪ್ರಾಯ ಕೇಳಲು ಹೋದೆ. ಮೂಲೆಯ ಕಟ್ಟೆಯಲ್ಲಿ ಬೆಳಕೆ ಊರಿನ ನಾಗವೇಣಿ ಕೂತಿದ್ದಳು. ಹೊಸ ಕಟ್ಟೆಯ ಆ ಮೂಲೆ ಹಳೆಯ ಪೇಟೆಯಲ್ಲಿ ಅವಳ ಅತ್ತೆ ಕೂರುತ್ತಿದ್ದ ಜಾಗವೇ. ಹುಡುಕಿಕೊಂಡು ಬರುವ ಗಿರಾಕಿಗಳು ಆ ಮೂಲೆಗೇ ಬರುತ್ತಿದ್ದರು, ಅವಳ ಸಂಸಾರ ನಡೆಯುತ್ತಿದ್ದದ್ದೇ ಅದರಿಂದ. ಕಟ್ಟೆ ಹೇಗಿದೆ ಎಂದು ಕೇಳಿದೆ.

"ಅಡ್ಡಿಲ್ಲ ಅಕ್ಕೋರೇ" ಅಂದಳು. ನನ್ನ ಮುಖ ನೋಡಲಿಲ್ಲ.

ಬಸ್ಸಿನ ಡ್ರೈವರ್ ಕಲಿಸಿದ ಪಾಠ ನೆನಪಿತ್ತು. ಆದರೂ 'ತೃಪ್ತಿಕರ' ಎಂದು ಗುರುತು ಹಾಕಿದೆ. ಯಾಕೆಂದರೆ ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳೋ ಏನೋ, ಹೇಳಿದರೆ ನಾನು ಅದನ್ನು ಹೋಗಿ ಸಾಹೇಬರಿಗೆ ಹೇಳಬೇಕಾಗುತ್ತಿತ್ತು.

ಮುಂದಿನ ಸಲ ಸಾಹೇಬರೊಡನೆ ಹೋದೆ. ಕಟ್ಟೆಗಳ ಮುಂದೆಲ್ಲ ಫ್ಲೆಕ್ಸ್ ಬ್ಯಾನರುಗಳು ಇಳಿಬಿದ್ದಿದ್ದವು. ಯಾರದೋ ಹುಟ್ಟುಹಬ್ಬದ್ದು, ಕಬಡ್ಡಿ ಪಂದ್ಯದ್ದು, ಬಟ್ಟೆ ಅಂಗಡಿಯದ್ದು. ಹೆಂಗಸರು ಎಲ್ಲಿಂದಲೋ ತಂದು ಹಗ್ಗ ಹಾಕಿ ಕಟ್ಟಿದ್ದರು. ನಾಗವೇಣಿಯ ಮುಂದಿನ ಬ್ಯಾನರಿನಲ್ಲಿ ಒಬ್ಬ ಮೀಸೆಯ ಮುಖಂಡ ಕೈಮುಗಿದು ನಿಂತಿದ್ದ, ಅವನ ತಲೆಯ ಮೇಲಿನಿಂದ ಇವಳ ಮುಖವಷ್ಟೇ ಕಾಣುತ್ತಿತ್ತು. ಸಾಹೇಬರ ಮುಖ ಕಪ್ಪಿಟ್ಟಿತು.

"ಇದೇನ್ರೀ ಅವತಾರ? ಯಾಕ ಕಟ್ಯಾರ?"

"ಬಿಸಿಲಿಗೆ ಇರಬೇಕು ಸರ್" ಅಂದೆ.

"ಸೂರಿನ ಒಳಗ ಎಲ್ಲಿ ಬಿಸಿಲು? ಗಾಳಿ ಆಡಂಗಿಲ್ಲ, ನಾತ ಹಿಡೀತದ. ತೆಗಸ್ರಿ."

ತೆಗೆಸಿದೆ. ನಾನೇ ಮುಂದೆ ನಿಂತು ತೆಗೆಸಿದೆ. ಒಂದೊಂದು ಹಗ್ಗ ಬಿಚ್ಚಿದಾಗಲೂ ಒಬ್ಬೊಬ್ಬ ಹೆಂಗಸು ಕಾಲು ಮಡಿಚಿಕೊಂಡು ಮುದುರುತ್ತಿದ್ದಳು. ನಾಗವೇಣಿ ಮಾತ್ರ ಮುದುರದೆ ನನ್ನನ್ನೇ ನೋಡಿದಳು. ಆ ನೋಟವನ್ನು ಬರೆಯಲು ನನಗೆ ಬರುವುದಿಲ್ಲ. ಇವತ್ತಿಗೂ ಮೀನು ಸಾರು ಉಣ್ಣುವಾಗ ಒಮ್ಮೊಮ್ಮೆ ಅದು ನೆನಪಾಗಿ ತುತ್ತು ಇಳಿಯುವುದಿಲ್ಲ.

ಆಮೇಲೆ ಅವರೆಲ್ಲ ಎರಡೂ ಮೊಣಕಾಲು ಜೋಡಿಸಿ, ಸೊಂಟ ತಿರುಚಿ, ಅಡ್ಡಕ್ಕೆ ಕೂತು ಕೊಯ್ಯತೊಡಗಿದರು. ಹಲಗೆಯನ್ನು ಮೆಟ್ಟಿ ಹಿಡಿಯಬೇಕಾದ ಪಾದ ಹಿಡಿಯುತ್ತಿರಲಿಲ್ಲ, ಕತ್ತಿ ಅಲುಗಾಡುತ್ತಿತ್ತು. ಬೆನ್ನು ನೋವು ಕಳೆಯಲೆಂದು ಕಟ್ಟಿದ ಕಟ್ಟೆಯಲ್ಲಿ ಹೊಸ ಬೆನ್ನು ನೋವು ಶುರುವಾಯಿತು. ಒಂದು ದಿನ ನಾಗವೇಣಿ ದೊಡ್ಡದೊಂದು ಇಸವಾಣ ಮೀನು ಕೊಯ್ಯುವಾಗ ಹಲಗೆ ಜಾರಿ ಅಂಗೈ ಸೀಳಿತು. ಹೊಲಿಗೆ ಬಿತ್ತು. ಕೈಗೆ ಬಟ್ಟೆ ಸುತ್ತಿಕೊಂಡೇ ಮರುವಾರ ಬಂದವಳು ಮೆಟ್ಟಿಲು ಹತ್ತಲಿಲ್ಲ. ಕಟ್ಟೆಯ ಬುಡದಲ್ಲಿ, ಚರಂಡಿಯ ಪಕ್ಕ ನೆಲಕ್ಕೆ ಕೂತಳು.

ನೆಲದಲ್ಲಿ ಮೀನು ಮಾರುವ ಹಾಗಿಲ್ಲ ಎಂದು ನಿಯಮವಿತ್ತು. ಕಟ್ಟೆ ಬಳಸದಿದ್ದರೆ ಆ ಜಾಗ ಬೇರೆಯವರಿಗೆ. ಮಾರುಕಟ್ಟೆ ಸಮಿತಿಯವರು ಒಂದು ಬೆಳಿಗ್ಗೆ ಅಲ್ಲೇ ಸಭೆ ಸೇರಿದರು, ಸಾಹೇಬರನ್ನೂ ನನ್ನನ್ನೂ ಕರೆಸಿದರು. ನಾಗವೇಣಿಯನ್ನು ಎದುರಿಗೆ ನಿಲ್ಲಿಸಿದರು. ಉಳಿದ ಹೆಂಗಸರು ಕಟ್ಟೆಗಳ ಮೇಲಿಂದ ನೋಡುತ್ತಿದ್ದರು.

"ಮ್ಯಾಲೆ ಕೂಡೂದಕ್ಕ ಏನು ತ್ರಾಸ ಅದ ಹೇಳ್ರಿ, ಸರಿ ಮಾಡ್ತೀವಿ" ಎಂದರು ಸಾಹೇಬರು. ನಿಜವಾಗಿಯೂ ಕಾಳಜಿಯಿಂದಲೇ ಕೇಳಿದರು.

"ಎಂತ ಇಲ್ಲ. ನಾ ಮೇಲೆ ಕೂತ್ಕಳುದಿಲ್ಲ."

"ಕಾರಣ ಬೇಕಲ್ಲಬೇ?"

"ಕಾರಣ ಎಂತ ಹೇಳುದು? ನಮ್ಮತ್ತಿ ಕೂತ ಮೂಲೆ ಇದು. ನಾ ಬಿಟ್ ಹೋಗುದೂ ಇಲ್ಲ, ಮೇಲೆ ಹತ್ತುದೂ ಇಲ್ಲ."

"ಹಾಗಾದ್ರೆ ನಾಳೆಯಿಂದ ಬೇರೆಯವ್ರಿಗೆ ಕೊಡುದೇ ಸೈ" ಎಂದ ಸಮಿತಿಯ ಒಬ್ಬ.

ನಾಗವೇಣಿ ನನ್ನ ಕಡೆ ನೋಡಿದಳು. ಬೇಡಿಕೊಳ್ಳುವ ನೋಟ ಅಲ್ಲ. ನಿನಗೆ ಗೊತ್ತು, ನೀನು ಹೇಳು ಎನ್ನುವಂತಿತ್ತು. ಬಾಯಿ ತೆರೆದೆ. ಸತ್ಯವಾಗಿ ಹೇಳುತ್ತೇನೆ, ಆಗಲೂ ಮಾತು ಬರಲಿಲ್ಲ. ಅಷ್ಟು ಓದಿ, ಅಷ್ಟು ಊರು ತಿರುಗಿ, ತಲೆ ಹಣ್ಣಾಗುತ್ತ ಬಂದರೂ ಒಂದು ಮೊಣಕಾಲಿನ ವಿಷಯ ನನ್ನ ಗಂಟಲು ದಾಟಲಿಲ್ಲ. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ ಚಪ್ಪಲಿ ಕಳಚಿ ಮೆಟ್ಟಿಲು ಹತ್ತಿಬಿಟ್ಟೆ.

ಕಚೇರಿಗೆ ಉಡುವ ಇಸ್ತ್ರಿ ಸೀರೆ. ನಾಗವೇಣಿಯ ಬುಟ್ಟಿಯನ್ನೂ ಮೆಟ್ಟುಗತ್ತಿಯನ್ನೂ ಸಮಿತಿಯವರು ನೆಲದಿಂದ ಎತ್ತಿ ಕಟ್ಟೆಯ ಮೇಲಿಟ್ಟಿದ್ದರು. ಕತ್ತಿಯನ್ನು ಎಳೆದುಕೊಂಡು, ಪಾದದಿಂದ ಹಲಗೆಯನ್ನು ಗಟ್ಟಿಯಾಗಿ ಮೆಟ್ಟಿ, ಮೊಣಕಾಲು ಎತ್ತಿ, ಹೇಗೆ ಕೂರಬೇಕೋ ಹಾಗೆ ಕೂತೆ. ಬುಟ್ಟಿಯಿಂದ ಒಂದು ಬಂಗುಡೆ ತೆಗೆದು ತಲೆ ಕೊಯ್ಯಲು ಹಿಡಿದೆ.

ಮೊದಲು ಸಾಹೇಬರು ತಲೆ ತಗ್ಗಿಸಿದರು. ಸಮಿತಿಯವರೊಬ್ಬರು ಹೊರಗಿನ ರಿಕ್ಷಾಗಳ ಕಡೆ ತಿರುಗಿದರು, ಇನ್ನೊಬ್ಬರು ಮೊಬೈಲು ತೆಗೆದರು. ಮೀನು ತಗೊಳ್ಳಲು ಬಂದಿದ್ದವರೂ ಹಿಂದೆ ಸರಿದು ಗೋಡೆ ನೋಡುತ್ತ ನಿಂತರು.

"ಸರ್, ಈ ಕಡೆ ನೋಡಿ" ಅಂದೆ.

"ಸಾಕ್ರೀ ಮೇಡಂ, ಇಳೀರಿ."

"ನೋಡಿ ಸರ್. ಗೊಂಬೆಯನ್ನು ನೋಡಿದಿರಲ್ಲ."

"ತಿಳೀತ್ರೀ ನಮಗ. ದಯಮಾಡಿ ಇಳೀರಿ" ಎಂದರು. ಅವರ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅಲ್ಲೇ ತೀರ್ಮಾನವಾಯಿತು. ಕಟ್ಟೆಯ ಎತ್ತರ ಅರ್ಧಕ್ಕೆ ಇಳಿಸುವುದು, ಮುಂದೆ ಮೊಣಕಾಲು ಮರೆಯಾಗುವಷ್ಟು ಕಲ್ಲಿನ ತಡೆ ಕಟ್ಟುವುದು, ಹಲಗೆ ಜಾರದಂತೆ ಕಟ್ಟೆಯಲ್ಲೇ ಕಚ್ಚು ಕೊರೆಯುವುದು. ನಾಗವೇಣಿಯ ಮೂಲೆ ನಾಗವೇಣಿಗೇ. ಹೋಗುವ ಮುಂಚೆ ಸಾಹೇಬರು ಹತ್ತಿರ ಬಂದು, "ಮೊದಲ ದಿನಾನ ಹೇಳಬೇಕಿತ್ರೀ" ಎಂದಷ್ಟೇ ಅಂದರು. ಗದರಿದ್ದರೆ ಚೆನ್ನಾಗಿತ್ತು.

ಎಲ್ಲ ಹೋದ ಮೇಲೆ ನಾನು ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದೆ. ಒಳಗೊಳಗೇ ಹಗುರವಾಗಿತ್ತು. ಒಂದಿಷ್ಟು ಹೆಮ್ಮೆಯೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ನಾಗವೇಣಿ ಬಂದು ಏನಾದರೂ ಒಳ್ಳೆಯ ಮಾತು ಆಡುತ್ತಾಳೆ ಎಂದು ಕಾದಿದ್ದೆ.

ಬಂದಳು. ನಾನು ಅರ್ಧ ಕೊಯ್ದು ಬಿಟ್ಟಿದ್ದ ಬಂಗುಡೆಯನ್ನು ಒಂದೇ ಕೈಯಲ್ಲಿ ಸಮ ಮಾಡಿ, ಎಲೆಯಲ್ಲಿ ಸುತ್ತಿ ತಂದಿದ್ದಳು.

"ಅಕ್ಕೋರೇ, ಒಂದ್ ಕೇಳುದಿತ್ತು. ನಿಮ್ಗೆ ಇದು ಮೊದ್ಲೇ ಗೊತ್ತಿತ್ತು, ಹೌದಾ?"

"ಹೌದು ನಾಗವೇಣಿ. ನಾಚಿಕೆಯಾಯಿತು, ಹೇಳಲಿಲ್ಲ."

"ಆತು ಬಿಡಿ. ನಾಚ್ಕಿ ನಮ್ಗೂ ಆತು, ನಾವೂ ಹೇಳ್ಲಿಲ್ಲ." ಎಲೆಯ ಪೊಟ್ಟಣವನ್ನು ನನ್ನ ಕೈಯಲ್ಲಿಟ್ಟಳು. ಹೋಗುವವಳು ತಿರುಗಿ ನಿಂತಳು. "ನೀವು ಒಂದ್ ಗಳಿಗೆ ಕೂತ್ರಿ, ಗಂಡಸ್ರೆಲ್ಲ ಮುಖ ತಿರುಗ್ಸಿದ್ರು. ನಾವು ದೀಪಾವಳಿಯಿಂದ ಕೂತಿದ್ದು. ಒಬ್ಬನೂ ತಿರುಗ್ಸಲಿಲ್ಲ."